ಡಬ್ಬಿಯ ಮೇಲಿನ ಚೀಟಿ

2003ರ ಯುಗಾದಿಗೆ ಮ್ಯಾಂಚೆಸ್ಟರಿನ ಸುತ್ತಮುತ್ತಲಿನ ಹತ್ತು ಹನ್ನೆರಡು ಕನ್ನಡದ ಮನೆಯವರು ಸೇರಿ ಒಂದು ಸ್ಮರಣ ಸಂಚಿಕೆ ತರುವ ಹುಮ್ಮಸ್ಸಿನಲ್ಲಿದ್ದೆವು. ಧಾರವಾಡದ ಹಿರಿಯರೊಬ್ಬರು ನಮ್ಮ ಮಾತಿಗೆ ಓಗೊಟ್ಟು ಲೇಖನವನ್ನು ಇ-ಮೇಲಿನಲ್ಲೇ ಕಳಿಸಿದರು. ತೆರೆದು ನೋಡಿದರೆ ಪರದೆಯ ತುಂಬ ಪೌಂಡು. ಸಾಲುಸಾಲಿಗೂ £ ಚಿಹ್ನೆ. ನಡುನಡುವೆ ನೆತ್ತಿಯ ಮೇಲೆ ಗೀರು ಎಳೆಸಿಕೊಂಡ, ಟೋಪಿ ಹಾಕಿಕೊಂಡ ಯುರೋಪಿನ ಅಕ್ಷರಗಳು. ರಾತ್ರಿ ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ತೂಕಡಿಸುತ್ತಿದ್ದ ಡಾಕ್ಟರ್ ಗೆಳೆಯ ಕಣ್ಣು ಬಿಟ್ಟು, "ನಾವು ಇಷ್ಟು ವರ್ಷ ಊರಿಗೆ ಕಳಿಸಿದ್ದೆಲ್ಲ ಒಂದೇ ಸಲ ವಾಪಸ್ ಬಂತೇನೋ?" ಅಂದ.

ಕಾರಣ ಆಮೇಲೆ ತಿಳಿಯಿತು. ಲೇಖನವನ್ನು ಅವರು ಬರೆದದ್ದು ನುಡಿ ತಂತ್ರಾಂಶದಲ್ಲಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಅಂತ ಪ್ರತ್ಯೇಕ ಜಾಗ ಇರಲಿಲ್ಲ. ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳು ಕೂರುವ ಕುರ್ಚಿಗಳಲ್ಲೇ ಕನ್ನಡದ ತುಂಡುಗಳನ್ನು ತಂದು ಕೂರಿಸಿದ್ದರು. £ ಕೂರುವ ಕುರ್ಚಿಯಲ್ಲಿ ನಮ್ಮ ನಕಾರದ ಒಡಲು. ಹಾಗಾಗಿ 'ನಾನು' ಅಂದರೆ ಎರಡು ಪೌಂಡು, 'ನನ್ನ' ಅಂದರೂ ಎರಡು. ಲೇಖಕರು ತಮ್ಮ ಬಗ್ಗೆ ಬರೆದುಕೊಂಡಷ್ಟೂ ನಮಗೆ ಲಾಭ.

ಅವತ್ತು ನಾವೆಲ್ಲ ಇ-ಮೇಲಿಗೆ ಶಾಪ ಹಾಕಿದೆವು. ಕನ್ನಡ ಅದರ ಜಾಯಮಾನಕ್ಕೆ ಒಗ್ಗುವುದಿಲ್ಲ, ಇಂಗ್ಲಿಷಿನವರು ಇಂಗ್ಲಿಷಿಗಾಗಿ ಮಾಡಿಕೊಂಡದ್ದು, ದಾರಿಯಲ್ಲೇ ನಮ್ಮ ಅಕ್ಷರ ಪುಡಿಯಾಗಿ ಹೋಯಿತು ಎಂದೆವು. ಇವತ್ತಿಗೂ ಬಹಳ ಜನ ಹಾಗೇ ತಿಳಿದಿದ್ದಾರೆ. ಆದರೆ ಆ ಇ-ಮೇಲು ತನ್ನ ಕೆಲಸವನ್ನು ಒಂದು ಚುಕ್ಕಿಯೂ ತಪ್ಪದಂತೆ ಮಾಡಿತ್ತು. ಧಾರವಾಡದಲ್ಲಿ ಏನು ತುಂಬಿದರೋ ಅದೇ ಮ್ಯಾಂಚೆಸ್ಟರಿನಲ್ಲಿ ಇಳಿಯಿತು. ಕೆಟ್ಟದ್ದು ದಾರಿಯಲ್ಲಲ್ಲ, ಕಟ್ಟುವಾಗಲೇ. ಅಂಚೆಯವನನ್ನು ಬೈಯುವ ಬದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಇಲ್ಲಿದೆ ಎಂಬುದು ನನ್ನ ವಾದ.

ಮೊದಲು ದಾರಿಯ ಸಂಗತಿ. ಇ-ಮೇಲು ಊರಿಂದೂರಿಗೆ ಹೋಗುವ ನಿಯಮಗಳನ್ನು 1982ರಲ್ಲಿ ಬರೆದವರು ಜಾನ್ ಪೋಸ್ಟೆಲ್ (ಅಂಚೆಗೆ ತಕ್ಕ ಹೆಸರು). ಆ ದಾರಿಯಲ್ಲಿ ಒಂದು ಅಕ್ಷರಕ್ಕೆ ಏಳೇ ಬಿಟ್, ಅಂದರೆ ಒಟ್ಟು 128 ಕುರ್ಚಿ. ಎಂಟನೆಯ ಬಿಟ್ ಇದ್ದರೆ ನಡುವಿನ ಯಾವ ಗಣಕ ಬೇಕಾದರೂ ಅದನ್ನು ಒರೆಸಿ ಹಾಕಬಹುದಿತ್ತು. ಆ 128ರಲ್ಲಿ ಕನ್ನಡ ಇರಲಿಲ್ಲ ಎನ್ನುವುದು ಸರಿ. ಬ್ರಿಟನ್ನಿನ ಪೌಂಡೂ ಇರಲಿಲ್ಲ. ಅದಕ್ಕೇ ಇಲ್ಲಿಯವರು ತಮ್ಮ ರಾಷ್ಟ್ರೀಯ ಮಾನಕದಲ್ಲಿ ಅಮೆರಿಕದ # ಚಿಹ್ನೆಯನ್ನು ಎಬ್ಬಿಸಿ ಆ ಕುರ್ಚಿಯಲ್ಲಿ £ ಕೂರಿಸಿಕೊಂಡಿದ್ದರು. ಮುಂದೆ ಎಂಟು ಬಿಟ್ಟಿನ ಪಟ್ಟಿ ಬಂದಾಗ ಪೌಂಡಿಗೆ 163ನೆಯ ಸ್ಥಾನ ಸಿಕ್ಕಿತು. ಎಂಟನೆಯ ಬಿಟ್ ಉದುರಿದರೆ 163ರಲ್ಲಿ 128 ಕಳೆದು 35, ಅಂದರೆ ಮತ್ತೆ #. ಮನೆ ಬಿಟ್ಟವನು ಮಳೆಗೆ ಸಿಕ್ಕಿ ಹಳೆಯ ಬಾಡಿಗೆ ಮನೆಗೇ ಓಡಿಬಂದ ಹಾಗೆ. ಈಗಲೂ ಇಲ್ಲಿಯ ಯಾವುದಾದರೂ ಅಂಗಡಿಯ ರಸೀದಿಯಲ್ಲಿ ಪೌಂಡಿನ ಹಿಂದೆ ಟೋಪಿ ಹಾಕಿದ ಒಂದು 'ಎ' ನಿಂತಿರುವುದು ಕಾಣುತ್ತದೆ. ಗಿರಾಕಿಗೆ ಟೋಪಿ ಹಾಕಿದ್ದಲ್ಲ ಅದು, ಲೋಕದ ಲಿಪಿಗಳಿಗೆಲ್ಲ ಜಾಗ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಬರೆದದ್ದನ್ನು ಹಳೆಯ ಪಟ್ಟಿ ಹಿಡಿದು ಓದಿದ್ದು.

ಕನ್ನಡದ ಪಾಡು ಇನ್ನೂ ಮಜವಾಗಿದೆ. ಯೂನಿಕೋಡಿನಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟ್ (ಎಂಟು ಬಿಟ್ಟಿಗೆ ಒಂದು ಬೈಟ್). 'ಕ' ಅಂದರೆ 224, 178, 149. ಇವನ್ನು ಹಾಗೇ ಹಳೆಯ ಏಳು ಬಿಟ್ಟಿನ ದಾರಿಗೆ ಬಿಟ್ಟರೆ ಏನಾಗುತ್ತದೆ ಎಂದು ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಒತ್ತಕ್ಷರ ಬರೆಯುವಾಗ ನಡುವೆ ಸೇರುವ ಹಲಂತದ ಕೊನೆಯ ಬೈಟ್ 141. ಅದರಲ್ಲಿ 128 ಕಳೆದರೆ 13. ಗಣಕಕ್ಕೆ 13 ಅಂದರೆ ಟೈಪ್‌ರೈಟರಿನ ಗಾಡಿಯನ್ನು ಸಾಲಿನ ಮೊದಲಿಗೆ ತಳ್ಳು ಎಂಬ ಅಪ್ಪಣೆ. 'ಊ' ಅಕ್ಷರದ ಕೊನೆಯ ಬೈಟ್ 138. ಕಳೆದರೆ 10, ಅಂದರೆ ಮುಂದಿನ ಸಾಲಿಗೆ ಹೋಗು. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ಹಿಂದಕ್ಕೆ, 'ಊರು' ಅಂದರೆ ಸಾಲೇ ಬೇರೆ. ಒತ್ತು ಇಲ್ಲದೆ ಒಂದು ಸಾಲು ಕನ್ನಡ ಬರೆದು ನೋಡಿ, ಗೊತ್ತಾಗುತ್ತದೆ.

ಈ ದಾರಿಗೆ ಉಪಾಯವಾಗಿ ಬಂದದ್ದು ಬೇಸ್64. ಎಲ್ಲ ದೇಶದ, ಎಲ್ಲ ಕಂಪನಿಯ ಗಣಕಗಳೂ ಜಗಳವಿಲ್ಲದೆ ಒಪ್ಪುವ 64 ಗುರುತುಗಳನ್ನಷ್ಟೇ ಆರಿಸಿಕೊಂಡರು: ಇಂಗ್ಲಿಷಿನ 26 ದೊಡ್ಡಕ್ಷರ, 26 ಸಣ್ಣಕ್ಷರ, ಹತ್ತು ಅಂಕಿ, ಒಂದು ಕೂಡುವ ಚಿಹ್ನೆ, ಒಂದು ಓರೆಗೆರೆ. ಬ್ರಿಟನ್ನು ಎಬ್ಬಿಸಿದ್ದ #ಗೆ ಇಲ್ಲಿ ಪ್ರವೇಶವಿಲ್ಲ. ಮೂರು ಬೈಟಿನ 24 ಬಿಟ್ಟುಗಳನ್ನು ಆರಾರರ ನಾಲ್ಕು ಕಂತೆ ಮಾಡಿ, ಕಂತೆಗೊಂದು ಗುರುತು ಕೊಟ್ಟರೆ ಮುಗಿಯಿತು. 'ಕ' ಅಕ್ಷರದ ಕಂತೆಗಳು 56, 11, 10, 21. ಪಟ್ಟಿ ನೋಡಿದರೆ ನಾಲ್ಕು–ಎಲ್–ಕೆ–ವಿ. ಪೆನ್ಸಿಲು ಹಿಡಿದು ಇದನ್ನು ಮಾಡಿದಾಗ ನನಗೊಂದು ಚಿಕ್ಕ ಖುಷಿ ಸಿಕ್ಕಿತು. ನಮ್ಮ ಒಂದು ಚಿಹ್ನೆಗೆ ಮೂರು ಬೈಟ್, ಬೇಸ್64 ಒಂದು ಸಲಕ್ಕೆ ಎತ್ತಿಕೊಳ್ಳುವುದೂ ಮೂರೇ ಬೈಟ್; ಹಾಗಾಗಿ ಕನ್ನಡದ ಯಾವ ಪದದಿಂದ ಪತ್ರ ಶುರುವಾದರೂ ಮೊದಲೆರಡು ಗುರುತು 'ನಾಲ್ಕು–ಎಲ್' ಆಗಿಯೇ ತೀರುತ್ತದೆ. ಪದಗಳ ನಡುವೆ ತೆರಪು ಬಂದರೆ ತಾಳ ತಪ್ಪುತ್ತದೆ, ಅದು ಬೇರೆ ಮಾತು. ಇ-ಮೇಲಿನ ಒಳಮೈ ತೆರೆದು ನೋಡುವ ಚಪಲವಿದ್ದವರಿಗೆ 'ನಾಲ್ಕು–ಎಲ್' ಕಂಡ ಕೂಡಲೇ ನಮ್ಮವರ ದನಿ ಕೇಳಿದ ಹಾಗಾಗುತ್ತದೆ.

ಈ ಬುದ್ಧಿ ಅಮೆರಿಕದವರದ್ದು, ನಿನ್ನೆ ಮೊನ್ನೆಯದ್ದು ಎಂದುಕೊಳ್ಳಬೇಡಿ. ಇದರ ಅಣ್ಣ ಹುಟ್ಟಿದ್ದು ನಮ್ಮ ಮನೆಯಿಂದ ಬಸ್ಸು ಹತ್ತಿ ಹೋಗುವಷ್ಟು ದೂರದಲ್ಲಿ. 1948ರ ಜೂನ್ 21ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್‌ಬರ್ನ್ ಅವರ 'ಬೇಬಿ' ಎಂಬ ಯಂತ್ರ ತನ್ನ ನೆನಪಿನಲ್ಲೇ ಇಟ್ಟುಕೊಂಡ ಆದೇಶಗಳನ್ನು ಮೊದಲ ಬಾರಿಗೆ ನಡೆಸಿತು. ಅದರ ಪ್ರತಿಕೃತಿ ಈಗ ಇಲ್ಲಿನ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿದೆ. ಊರಿಂದ ಬಂದವರನ್ನೆಲ್ಲ ನಾನು ಅಲ್ಲಿಗೆ ಎಳೆದುಕೊಂಡು ಹೋಗುತ್ತೇನೆ, ಅವರಿಗೆ ಫುಟ್‌ಬಾಲ್ ಮೈದಾನ ನೋಡುವ ಆಸೆ ಇದ್ದರೂ. ಅದೇ ವರ್ಷ, ಯುದ್ಧಕಾಲದಲ್ಲಿ ಜರ್ಮನ್ನರ ಗೂಢಲಿಪಿ ಬಿಡಿಸಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್ ಈ ಊರಿಗೆ ಬಂದರು. ಬೇಬಿಯ ನಂತರದ ಮಾರ್ಕ್ 1 ಯಂತ್ರಕ್ಕೆ 20 ಬಿಟ್ಟಿನ ಆದೇಶಗಳನ್ನು ಉಣಿಸಬೇಕಿತ್ತು. ಕೈಗೆ ಸಿಕ್ಕಿದ್ದು ತಂತಿ ಕಚೇರಿಗಳಲ್ಲಿ ಬಳಸುತ್ತಿದ್ದ ಟೆಲಿಪ್ರಿಂಟರು, ಐದು ತೂತಿನ ಕಾಗದದ ಪಟ್ಟಿ. ಇಪ್ಪತ್ತನ್ನು ಐದೈದರ ನಾಲ್ಕು ಕಂತೆ ಮಾಡಿದರು, ಒಂದೊಂದು ಕಂತೆಗೆ ಒಂದು ಟೆಲಿಪ್ರಿಂಟರ್ ಅಕ್ಷರ. ಒಟ್ಟು 32 ಗುರುತು. ಐದೂ ತೂತು ಇದ್ದರೆ ಅದು £! ತೂತೇ ಇಲ್ಲದ ಸೊನ್ನೆಗೆ ಓರೆಗೆರೆ. ಸೊನ್ನೆಗಳೇ ಹೆಚ್ಚಾದ್ದರಿಂದ ಪುಟದ ತುಂಬ ಓರೆಗೆರೆಗಳು. ಕೊಳಕು ಕಿಟಕಿಯೊಳಗಿಂದ ಕಾಣುವ ಮ್ಯಾಂಚೆಸ್ಟರಿನ ಮಳೆ ಎಂದು ಆ ಕಾಲದವರು ನಗುತ್ತಿದ್ದರು. ಈ ಊರಿನಲ್ಲಿ ಒಂದು ನವೆಂಬರ್ ಕಳೆದವರು ಆ ಹೋಲಿಕೆಯನ್ನು ಅಲ್ಲಗಳೆಯಲಾರರು.

ಟ್ಯೂರಿಂಗ್ ಹೆಸರು ಬಂದ ಮೇಲೆ ಒಂದು ಗೊಂದಲವನ್ನು ಬಿಡಿಸಲೇಬೇಕು. ಇ-ಮೇಲಿಗೆ ಮಾಡುವ ಈ ಸಂಕೇತೀಕರಣ 'ಸುರಕ್ಷಿತ' ಎನ್ನುತ್ತಾರಲ್ಲ, ಯಾರಿಂದ ಸುರಕ್ಷಿತ? ಲೀಡ್ಸ್‌ನ ಒಂದು ಕಚೇರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಪಾಸ್‌ವರ್ಡುಗಳನ್ನು ಬೇಸ್64ರಲ್ಲಿ ಬರೆದಿಟ್ಟು 'ಕೋಡ್ ಮಾಡಿದ್ದೇವೆ, ಭಯವಿಲ್ಲ' ಎನ್ನುತ್ತಿದ್ದರು. ಪಟ್ಟಿ ನೋಡಿಕೊಂಡು ಅದರಲ್ಲೊಂದನ್ನು ಚಹಾ ಆರುವುದರೊಳಗೆ ಪೆನ್ಸಿಲಿನಲ್ಲಿ ಬಿಡಿಸಿ ಮೇಜಿನ ಮೇಲಿಟ್ಟೆ. ಮೇಲಧಿಕಾರಿಗೆ ಅದು ಇಷ್ಟವಾಗಲಿಲ್ಲ. ಹಪ್ಪಳವನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಡುತ್ತೇವೆ. ಮುರಿಯದೆ ತಲುಪಲಿ ಅಂತ, ಕಳ್ಳನಿಗೆ ಕಾಣಬಾರದು ಅಂತ ಅಲ್ಲ. ಕಳ್ಳನ ಚಿಂತೆಗೆ ಬೀಗ ಬೇಕು. ಬೇಸ್64 ಸೀರೆಯ ಮಡಿಕೆ, ಗೂಢಲಿಪಿ ಬೀಗ.

ಟ್ಯೂರಿಂಗರ ಬದುಕಿನಲ್ಲೇ ಈ ಎರಡೂ ಇವೆ. ಯುದ್ಧಕಾಲದಲ್ಲಿ ಬ್ರಿಟನ್ನಿನ ಗೂಢಲಿಪಿ ಕೇಂದ್ರವಾಗಿದ್ದ ಬ್ಲೆಚ್ಲಿಯಲ್ಲಿ ಅವರು ಬಿಡಿಸಲು ಹೆಣಗಿದ ಸಂದೇಶಗಳನ್ನು ಕಟ್ಟುತ್ತಿದ್ದ ಜರ್ಮನ್ ಲೊರೆನ್ಜ್ ಯಂತ್ರ ಕೂಡ ಇದೇ ಐದು ತೂತಿನ ಟೆಲಿಪ್ರಿಂಟರ್ ಸಂಕೇತವನ್ನೇ ಬಳಸುತ್ತಿತ್ತು. ಆ ಸಂಕೇತ ಜಗತ್ತಿಗೆಲ್ಲ ಗೊತ್ತಿದ್ದದ್ದು. ಗುಟ್ಟಿದ್ದದ್ದು ಅದರ ಮೇಲೆ ಕೂಡಿಸುತ್ತಿದ್ದ ಕೀಲಿಯಲ್ಲಿ. ಬೇಸ್64ರ ಮೊದಲ ರೂಪ 1987ರಲ್ಲಿ ಕಾಣಿಸಿಕೊಂಡದ್ದೂ ಗೋಪ್ಯ ಇ-ಮೇಲಿನ ಒಂದು ಯೋಜನೆಯಲ್ಲಿ ಎಂಬುದರಿಂದ ಗೊಂದಲ ಬೆಳೆದಿರಬಹುದು. ಆದರೆ ಅಲ್ಲಿಯೂ ಮೊದಲು ಬೀಗ ಹಾಕಿ, ಆಮೇಲೆ ಮಡಿಕೆಯಲ್ಲಿ ಸುತ್ತುತ್ತಿದ್ದರು. ಎರಡು ಕೆಲಸ, ಎರಡು ಹೆಜ್ಜೆ. ಮ್ಯಾಂಚೆಸ್ಟರಿನ ಸ್ಯಾಕ್‌ವಿಲ್ ಗಾರ್ಡನ್ಸ್‌ನಲ್ಲಿ 2001ರಿಂದ ಟ್ಯೂರಿಂಗ್ ಕಂಚಿನ ಮೂರ್ತಿಯಾಗಿ ಬೆಂಚಿನ ಮೇಲೆ ಸೇಬು ಹಿಡಿದು ಕೂತಿದ್ದಾರೆ. ಬೆಂಚಿನ ಮೇಲೊಂದು ಅರ್ಥವಾಗದ ಅಕ್ಷರಸಾಲು. 'ಕಂಪ್ಯೂಟರ್ ವಿಜ್ಞಾನದ ಸ್ಥಾಪಕ' ಎಂಬ ಇಂಗ್ಲಿಷ್ ಮಾತನ್ನು ಜರ್ಮನ್ನರ ಗೂಢಲಿಪಿ ಯಂತ್ರವಾದ ಎನಿಗ್ಮಾದಲ್ಲಿ ಹಾಕಿದರೆ ಇದು ಬರುತ್ತದೆ ಎಂಬುದು ಪ್ರತೀತಿ. ಎಣಿಸಿ ನೋಡಿದರೆ ಮೂಲದಲ್ಲೂ ಬೆಂಚಿನಲ್ಲೂ ಹದಿನಾಲ್ಕನೆಯ ಅಕ್ಷರ 'ಯು'ವೇ. ಎನಿಗ್ಮಾ ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಹೊರಗೆ ಬಿಡುತ್ತಿರಲಿಲ್ಲ. ಅದನ್ನು ಚೆನ್ನಾಗಿ ಬಲ್ಲವರ ಪಕ್ಕದಲ್ಲೇ ಈ ಚೀಟಿ ಅಂಟಿಕೊಂಡಿದೆ.

ಚೀಟಿ ಎಂದೆ. ನನ್ನ ವಾದದ ತಿರುಳು ಅದೇ. ಮೈಸೂರಿನಿಂದ ಅತ್ತಿಗೆ ಪ್ರತಿ ಸಲ ಮೂರು ಬಗೆಯ ಪುಡಿ ಕಟ್ಟಿ ಕಳಿಸುತ್ತಾರೆ: ಸಾರಿನ ಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು. ಒಂದು ವರ್ಷ ಮೂರು ಡಬ್ಬಿಯ ಚೀಟಿಗಳೂ ದಾರಿಯಲ್ಲಿ ಕಿತ್ತುಹೋದವು. ಪುಡಿ ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ. ಆದರೂ ಆ ಭಾನುವಾರದ ಹುಳಿಯನ್ನು ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. 1992ರಲ್ಲಿ ನೇಥನೀಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಮಾಡಿದ ಮೈಮ್ ಎಂಬ ವ್ಯವಸ್ಥೆಯ ದೊಡ್ಡಸ್ತಿಕೆ ಇರುವುದು ಬೇಸ್64ರಲ್ಲಲ್ಲ. ಅದು ಮೊದಲೇ ಇತ್ತು. ಇ-ಮೇಲಿನ ನೆತ್ತಿಯ ಮೇಲೆ ಎರಡು ಚೀಟಿ ಅಂಟಿಸುವ ಪದ್ಧತಿಯನ್ನು ಅವರು ತಂದರು. ಒಳಗಿರುವ ಅಕ್ಷರ ಯಾವ ಪಟ್ಟಿಯದು ಎಂಬುದು ಒಂದು, ಹೇಗೆ ಕಟ್ಟಿದ್ದೇವೆ ಎಂಬುದು ಇನ್ನೊಂದು. ಮ್ಯಾಂಚೆಸ್ಟರಿನವರಿಗೆ ಈ ವಿವೇಕ ಇನ್ನೂ ಮುಂಚೆಯೇ ಇತ್ತು. ಮಾರ್ಕ್ 1ರ ಕಾಂತೀಯ ಪೀಪಾಯಿಗಾಗಿ ಕಂಡುಹಿಡಿದ, ಇಂದಿಗೂ 'ಮ್ಯಾಂಚೆಸ್ಟರ್ ಕೋಡ್' ಎನ್ನುವ ವಿಧಾನದಲ್ಲಿ ಪ್ರತಿ ಬಿಟ್ಟಿನ ನಡುವೆಯೂ ಒಂದು ಏರಿಳಿತ ಇರುತ್ತದೆ. ಹಾಡಿನ ಜೊತೆಗೇ ತಾಳವೂ ಹೋಗುತ್ತದೆ, ಕೇಳುವವನು ಬೇರೆ ಗಡಿಯಾರ ನೋಡಬೇಕಿಲ್ಲ. ಹಳೆಯ ಈಥರ್ನೆಟ್ ತಂತಿಗಳಲ್ಲಿ ಹರಿದದ್ದು ಅದೇ.

ಈಗ ಧಾರವಾಡದ ಲೇಖನಕ್ಕೆ ಬನ್ನಿ. ಅದರ ಮೇಲೂ ಚೀಟಿ ಇತ್ತು. 'ಒಳಗಿರುವುದು ಪಶ್ಚಿಮ ಯುರೋಪಿನ ಅಕ್ಷರ' ಎಂದು ಬರೆದಿತ್ತು. ಇ-ಮೇಲ್ ಅದನ್ನು ನಂಬಿ ಪ್ರತಿ £ ಚಿಹ್ನೆಯನ್ನೂ ಜೋಪಾನವಾಗಿ ಹೊತ್ತು ತಂದು ಪೌಂಡೆಂದೇ ತೋರಿಸಿತು. ಸುಳ್ಳು ಹೇಳಿದ್ದು ನಮ್ಮ ಫಾಂಟು. ಹೀಗೆ ಹೇಳಿದರೆ ಆ ತಂತ್ರಾಂಶಗಳಿಗಾಗಿ ದುಡಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆ ಎಂಬ ಅಳುಕು ನನಗಿದೆ. ಶೇಷಾದ್ರಿವಾಸು 1998ರಲ್ಲಿ ಬರಹ ತಂದಿರದಿದ್ದರೆ, ಪರಿಷತ್ತು ನುಡಿ ಕೊಡದಿದ್ದರೆ ನಮ್ಮ ಪೀಳಿಗೆ ಗಣಕದಲ್ಲಿ ಕನ್ನಡದ ಮುಖವನ್ನೇ ನೋಡುತ್ತಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದನ್ನು ಸರಿಯಾಗಿ ತೋರಿಸುವ ಗಣಕ ಮನೆಗಳಿಗೆ ಬಂದದ್ದು ಹತ್ತು ವರ್ಷದ ನಂತರ. ಅಲ್ಲಿಯವರೆಗೆ ಇನ್ನೇನು ಮಾಡಬೇಕಿತ್ತು? ಒಪ್ಪುತ್ತೇನೆ. ಒಪ್ಪಲಾಗದ್ದು ಆಮೇಲಿನದ್ದು. ಯೂನಿಕೋಡ್ ಎಲ್ಲರ ಕೈಗೆ ಬಂದ ಮೇಲೂ ಕಚೇರಿ, ಪತ್ರಿಕೆ, ಮುದ್ರಣಾಲಯಗಳಲ್ಲಿ ನಾವು ವರ್ಷಗಟ್ಟಲೆ ಆ ವೇಷದ ಕನ್ನಡವನ್ನೇ ಬೆಳೆಸಿದೆವು. ನುಡಿಯ ಪಟ್ಟಿ ಒಂದು, ಶ್ರೀಲಿಪಿ ಎಂಬ ತಂತ್ರಾಂಶದ್ದು ಇನ್ನೊಂದು. ಪರದೆಯ ಮೇಲೆ ಅಂದವಾಗಿ ಕಂಡರೆ ಸಾಕು, ಒಳಗೇನಿದೆ ಎಂಬುದು ಯಾರಿಗೂ ಬೇಡವಾಗಿತ್ತು.

'ಇಷ್ಟೆಲ್ಲ ತಾಪತ್ರಯ ಏಕೆ? ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದರೆ ಯಾವ ದಾರಿಯಲ್ಲೂ ಕೆಡುವುದಿಲ್ಲ' ಎನ್ನುವವರಿದ್ದಾರೆ. ಹೊರದೇಶದ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಾದ ಸಂಕೇತೀಕರಣ ಅದೇ ಎಂಬುದೂ ನಿಜ. ಆದರೆ ಅದು ಕಟ್ಟುವಾಗಲೇ ಸೋರುತ್ತದೆ. ಹಾಸನದ ಹತ್ತಿರ ತೋಟ ಮಾಡಿಕೊಂಡಿರುವ ಅಣ್ಣ ಒಂದು ವರ್ಷ ಬರೆದ: ಈ ಸಲ 'ಬಿ–ಇ–ಎಲ್–ಇ' ಇಲ್ಲ. ಬೆಳೆ ಇಲ್ಲವೋ, ಬೆಲೆ ಇಲ್ಲವೋ, ಮನೆಯಲ್ಲಿ ಬೇಳೆಯೇ ಇಲ್ಲವೋ? ಫೋನು ಮಾಡಿ ಕೇಳಿದೆ. "ಮೊದಲ ಎರಡೂ ಇಲ್ಲ ಕಣೋ, ಮೂರನೆಯದು ಸಾಲ ತಂದಿದ್ದೀವಿ" ಅಂದ. ಬೇಸ್64 ಕಣ್ಣಿಗೆ ಕುರೂಪಿ, ಆದರೆ ಬಿಚ್ಚಿದಾಗ ಕಟ್ಟಿದ್ದೇ ಸಿಗುತ್ತದೆ. ಇಂಗ್ಲಿಷಕ್ಷರದ ಕನ್ನಡ ಕಣ್ಣಿಗೆ ಹಿತ, ಬಿಚ್ಚಿದಾಗ ಮಾತ್ರ ಊಹೆ ಮಾಡಬೇಕು.

ಕನ್ನಡದ ಅಕ್ಷರ ಇಂಗ್ಲಿಷಿಗಿಂತ ಹೆಚ್ಚು ತೂಗುತ್ತದೆ ಎಂಬ ತಕರಾರಿಗೆ ಇನ್ನಷ್ಟು ಹುರುಳಿದೆ. 'ಕನ್ನಡ' ಎಂಬ ಪದ ಕಣ್ಣಿಗೆ ಮೂರಕ್ಷರ; ಯೂನಿಕೋಡಿನಲ್ಲಿ ಐದು ಚಿಹ್ನೆ, 15 ಬೈಟ್; ಬೇಸ್64ರಲ್ಲಿ 20 ಗುರುತು; ಸಮಚಿಹ್ನೆ ಹಚ್ಚಿ ಬರೆಯುವ ಇನ್ನೊಂದು ಮೈಮ್ ವಿಧಾನದಲ್ಲಿ 45. ಹಳೆಯ ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಚಿಹ್ನೆ ಮಾತ್ರ. ಅಮ್ಮನ ಆರೋಗ್ಯ ಕೇಳಲು ಎರಡು ಸಂದೇಶದ ದುಡ್ಡು. ಇದು 1840ಕ್ಕೆ ಮುಂಚಿನ ಇಂಗ್ಲೆಂಡಿನ ಅಂಚೆಯ ಹಾಗೆ. ಹಾಳೆ ಎಷ್ಟು, ದೂರ ಎಷ್ಟು ಎಂದು ಎಣಿಸಿ, ಪತ್ರ ಪಡೆದವನಿಂದ ವಸೂಲಿ ಮಾಡುತ್ತಿದ್ದರು. ಬಡವರು ಪತ್ರದ ಹೊರಮೈ ಮೇಲೇ ಗುರುತು ಹಾಕಿ ಕಳಿಸುವುದು, ಪಡೆದವರು ಅದನ್ನು ನೋಡಿಕೊಂಡು ಪತ್ರ ಬೇಡವೆಂದು ಹಿಂತಿರುಗಿಸುವುದು ನಡೆದಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಮೇಷ್ಟರಾಗಿದ್ದ ರೋಲಂಡ್ ಹಿಲ್ ಅದನ್ನೆಲ್ಲ ನಿಲ್ಲಿಸಿ, ಅರ್ಧ ಔನ್ಸಿಗೆ ದೇಶದೆಲ್ಲೆಡೆ ಒಂದೇ ಪೆನ್ನಿ ದರ ತರಿಸಿದರು. ಇ-ಮೇಲಿನಲ್ಲಿ ಅಕ್ಷರದ ತೂಕಕ್ಕೆ ದರವೇ ಇಲ್ಲ. ಮಗುವಿನ ಒಂದು ಫೋಟೋ ಕಳಿಸುವಷ್ಟು ಜಾಗದಲ್ಲಿ ಒಂದು ಕಾದಂಬರಿ ಕನ್ನಡ ಹೋಗುತ್ತದೆ, ಮಡಿಕೆ ಸಮೇತ. 2012ರಿಂದ ಎಂಟು ಬಿಟ್ಟಿನ ಕನ್ನಡ ವಿಳಾಸದಲ್ಲೇ ಪತ್ರ ಕಳಿಸುವ ನಿಯಮವೂ ಇದೆ. ಹಾಗಿದ್ದೂ ಬೇಸ್64ನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ದಾರಿಯಲ್ಲಿ ಒಂದೇ ಒಂದು ಹಳೆಯ ಗಣಕ ಸಿಕ್ಕರೆ ಸಾಕು, ಒತ್ತಕ್ಷರಗಳೆಲ್ಲ ಗಾಡಿ ತಳ್ಳತೊಡಗುತ್ತವೆ.

ಕಳೆದ ವರ್ಷ ಆ ಧಾರವಾಡದ ಕಡತ ನನ್ನ ಹಳೆಯ ಸಿ.ಡಿ.ಯೊಂದರಲ್ಲಿ ಸಿಕ್ಕಿತು. ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಕ್ಕೆ ಕೊಟ್ಟೆ. ಪೌಂಡುಗಳೆಲ್ಲ ಕರಗಿ ನಕಾರಗಳಾದವು, ಲೇಖಕರ 'ನಾನು' ಮತ್ತೆ ನಾನು ಆಯಿತು. ಆದರೆ ನಡುವೆ ಅವರು ಇಂಗ್ಲಿಷಿನಲ್ಲೇ ಬರೆದಿದ್ದ ಊರಿನ, ಪುಸ್ತಕದ ಹೆಸರುಗಳಿದ್ದವಲ್ಲ, ಅವೂ ಕನ್ನಡವಾಗಿ ಬಿಟ್ಟವು. ಯಾವ ನಿಘಂಟಿನಲ್ಲೂ ಇಲ್ಲದ ಕನ್ನಡ. ಯಾವ ಅಕ್ಷರ ನಿಜವಾದ ಇಂಗ್ಲಿಷು, ಯಾವುದು ವೇಷದ ಕನ್ನಡ ಎಂದು ಯಂತ್ರಕ್ಕೆ ಹೇಳುವ ಚೀಟಿ ಒಳಗಿರಲಿಲ್ಲ. ಎರಡು ಸಂಜೆ ಕೂತು ಕೈಯಿಂದಲೇ ತಿದ್ದಿದೆ. ಲೇಖಕರು ಈಗಿಲ್ಲ. ಒಂದು ಹೆಸರು ಇವತ್ತಿಗೂ ಬಿಡಿಸಲಾಗದೆ ಹಾಗೇ ಇದೆ.

1983ರಲ್ಲಿ ಯು.ಕೆ. ಕನ್ನಡ ಬಳಗ ಶುರುವಾದಾಗ ಈ ದೇಶದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಪೀಳಿಗೆ ಈಗ ನಿವೃತ್ತವಾಗಿದೆ. ಬರ್ಮಿಂಗ್‌ಹ್ಯಾಮು, ಲೀಡ್ಸು, ಮ್ಯಾಂಚೆಸ್ಟರಿನ ಎಷ್ಟೋ ಮನೆಗಳ ಅಟ್ಟದಲ್ಲಿ ನಾಟಕದ ಪ್ರತಿ, ಹಬ್ಬದ ಹಾಡು, ಮಕ್ಕಳಿಗಾಗಿ ಬರೆದ ಪಾಠ, ಯಾರೋ ಕಳಿಸಿದ ಲೇಖನ ಫ್ಲಾಪಿ, ಸಿ.ಡಿ.ಗಳಲ್ಲಿ ಕೂತಿವೆ. ಮನೆ ಚಿಕ್ಕದು ಮಾಡುವಾಗ ಮಕ್ಕಳು ತೆರೆದು ನೋಡಿದರೆ ಬರೀ ಪೌಂಡು ಕಾಣುತ್ತದೆ, ಕೆಟ್ಟುಹೋಗಿದೆ ಎಂದು ಎಸೆಯುತ್ತಾರೆ. ಅದು ಕೆಟ್ಟಿಲ್ಲ. ನಿಮ್ಮಲ್ಲಿ ಅಂಥದ್ದಿದ್ದರೆ ಈ ವಾರವೇ ಹೊರಗೆ ತೆಗೆಯಿರಿ. ತಿರುಗಿಸಲು ಬಾರದಿದ್ದರೂ ಚಿಂತೆಯಿಲ್ಲ; ಯಾವ ವರ್ಷ, ನುಡಿಯೋ ಬರಹವೋ ಶ್ರೀಲಿಪಿಯೋ, ಫಾಂಟಿನ ಹೆಸರೇನು ಎಂದು ನೆನಪಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ.